ಒಂದೇ ಗಾಡಿ, ಎರಡು ಹೊಟ್ಟೆ

ಪುಟ್ಟೀ, ನೀನೂ ಅಳಿಯಂದಿರೂ ಹಳೆಯ ಮೋಟರ್‌ಹೋಮ್ ಕೊಂಡ ಸುದ್ದಿಯನ್ನು ನನಗೆ ಮೊದಲು ಹೇಳಿದವಳು ನಿನ್ನಮ್ಮ, ಅದೂ ಮೈಸೂರಿನಿಂದ. ‘ಮನೆಗೇ ಚಕ್ರ ಹಾಕಿಸ್ಕೊಂಡಿದ್ದಾರಂತೆ ಕಣೋ’ ಅಂತ ನಗುತ್ತಿದ್ದಳು ಅಕ್ಕ. ಬೇಸಿಗೆಯೆಲ್ಲ ಲೇಕ್ ಸುಪೀರಿಯರ್ ದಂಡೆ ಸುತ್ತಿ ಬಂದಿರಿ, ಬಹಳ ಸಂತೋಷ. ಮೊನ್ನೆ ಫೋನಿನಲ್ಲಿ ಚಳಿಗಾಲದ ತಯಾರಿಯನ್ನು ನೀನು ಒಪ್ಪಿಸಿದ್ದೂ ಚೆನ್ನಾಗಿತ್ತು. ಕೊಳಾಯಿಗಳ ನೀರು ಖಾಲಿ ಮಾಡಿದ್ದು, ಟೈರಿಗೆ ಗಾಳಿ ಹೊಡೆದದ್ದು, ಇಲಿ ಬರದ ಹಾಗೆ ಸಂದು ಮುಚ್ಚಿದ್ದು, ಎಲ್ಲ ಸರಿ. ಬ್ಯಾಟರಿ ಏನು ಮಾಡಿದೆ ಅಂದರೆ ಮಾತ್ರ, ‘ಮನೆಯಿಂದ ವೈರ್ ಎಳೆದು ಚುಚ್ಚಿದ್ದೀವಿ ಮಾವ, ಏಪ್ರಿಲ್ ತನಕ ಚಾರ್ಜ್ ಆಗ್ತಾ ಇರತ್ತೆ’ ಅಂದುಬಿಟ್ಟೆ.

ಹದಿನೈದು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿಕೊಂಡು ಇಲ್ಲೇ ಕ್ಯಾಲಮಝೂವಿನಲ್ಲಿ ಬೆಚ್ಚಗೆ ಮಲಗಿದ್ದೆ. ನವೆಂಬರಿನಲ್ಲಿ ಚುಚ್ಚಿದ ವೈರು ಮಾರ್ಚ್‌ವರೆಗೂ ಅಲುಗಲಿಲ್ಲ. ಹಿಮ ಕರಗಿದ ಮೊದಲ ಬಿಸಿಲಿನ ದಿನ ಕೀ ತಿರುಗಿಸಿದೆ. ಟಿಕ್. ಅಷ್ಟೇ. ಸೆಲ್ಫ್ ಎತ್ತಲೇ ಇಲ್ಲ. ಬಾನೆಟ್ ಎತ್ತಿ ನೋಡಿದರೆ ಇಂಜಿನ್ ಬ್ಯಾಟರಿಯ ಹೊಟ್ಟೆ ಊದಿಕೊಂಡು, ಪಕ್ಕೆ ಸೀಳಿತ್ತು. ಒಳಗಿನ ಆಸಿಡ್ ಹೆಪ್ಪುಗಟ್ಟಿ ಡಬ್ಬವನ್ನೇ ಒಡೆದಿತ್ತು. ಸರಿ, ಇದು ಹೋಯಿತು ಅಂತ ಬಾಗಿಲ ಮೆಟ್ಟಿಲ ಕೆಳಗಿದ್ದ ಇನ್ನೊಂದು ಜೊತೆ ಬ್ಯಾಟರಿಯ ಮುಚ್ಚಳ ತೆಗೆದೆ. ಅಲ್ಲಿ ನೀರೇ ಇಲ್ಲ, ಪ್ಲೇಟುಗಳು ಒಣಗಿ ನಿಂತಿದ್ದವು. ಹತ್ತು ಅಡಿ ಅಂತರದಲ್ಲಿ, ಒಂದೇ ವೈರಿನ ನಂಬಿಕೆಯ ಮೇಲೆ, ಒಂದು ಉಪವಾಸದಿಂದ ಸತ್ತಿತ್ತು, ಇನ್ನೊಂದು ಅಜೀರ್ಣದಿಂದ.

ಯಾಕೆ ಹೀಗಾಯಿತು ಅನ್ನೋದು ತಿಳಿದರೆ ಮುಂದಿನದೆಲ್ಲ ಸುಲಭ. ನಮ್ಮ ಕಡೆ ಲಾರಿಯ ಚಾಸಿ ಕಂಪನಿಯಿಂದ ಬರುತ್ತೆ, ಬಾಡಿ ಕಟ್ಟುವವನು ಬೇರೆ. ಮೋಟರ್‌ಹೋಮ್ ಕಥೆಯೂ ಸಾಮಾನ್ಯವಾಗಿ ಅದೇ. ನಿನ್ನ ಗಾಡಿಯ ಇಂಜಿನ್ನು, ಚಾಸಿ ಒಂದು ಕಂಪನಿಯದು. ಮೇಲಿನ ಮನೆ ಕಟ್ಟಿದ್ದು ಇಂಡಿಯಾನಾದ ಎಲ್ಕ್‌ಹಾರ್ಟ್‌ನಲ್ಲಿ. ಆ ಊರಿಗೆ ಇದೇ ಕಸುಬು. ಚಾಸಿ ಬರುವಾಗ ತನ್ನ ಬ್ಯಾಟರಿ ತಾನೇ ತಂದಿತು, ಮನೆ ಕಟ್ಟಿದವರು ದೀಪಕ್ಕೆ, ನೀರಿನ ಪಂಪಿಗೆ, ಹೀಟರಿನ ಫ್ಯಾನಿಗೆ ಅಂತ ಬೇರೆ ಬ್ಯಾಟರಿ ಕೂರಿಸಿದರು. ಗೋಡೆಯಿಂದ ಬರುವ ಕರೆಂಟು ಹೋಗುವುದು ಮನೆಯ ಕನ್ವರ್ಟರಿಗೆ, ಅಂದರೆ ಅದನ್ನು ಬ್ಯಾಟರಿಗೆ ಒಗ್ಗುವಂತೆ ಬದಲಿಸುವ ಪೆಟ್ಟಿಗೆಗೆ. ಹಳೆಯ ಗಾಡಿಗಳಲ್ಲಿ ಆ ಕನ್ವರ್ಟರ್ ಬಹಳ ಸಲ ಮನೆಯ ಬ್ಯಾಟರಿಗೆ ಮಾತ್ರ ಉಣಿಸುತ್ತೆ. ಇಂಜಿನ್ ಬ್ಯಾಟರಿಗೆ ಊಟ ಇಂಜಿನ್ ಓಡಿದಾಗ ಆಲ್ಟರ್ನೇಟರಿನಿಂದ ಮಾತ್ರ. ಎರಡಕ್ಕೂ ಹಂಚುವ ಉಪಕರಣ ಕೆಲವು ಗಾಡಿಗಳಲ್ಲಿ ಇರುತ್ತೆ. ನಿನ್ನದರಲ್ಲಿ ಇದೆಯೋ ಇಲ್ಲವೋ ಅಂತ ಪುಸ್ತಕ ಹುಡುಕುತ್ತಾ ಕೂರಬೇಡ. ಇಪ್ಪತ್ತು ಡಾಲರಿನ ಡಿಜಿಟಲ್ ಮಲ್ಟಿಮೀಟರ್ ತಗೋ. ವೈರ್ ಕಿತ್ತು ಇಂಜಿನ್ ಬ್ಯಾಟರಿಯ ವೋಲ್ಟ್ ನೋಡು, ಬರೆದುಕೋ. ವೈರ್ ಚುಚ್ಚಿ ಒಂದು ಗಂಟೆ ಬಿಟ್ಟು ಮತ್ತೆ ನೋಡು. ಹದಿಮೂರು ದಾಟಿದ್ದರೆ ಊಟ ಸಿಗುತ್ತಿದೆ. ಇದ್ದಲ್ಲೇ ಇದ್ದರೆ ಅದು ಉಪವಾಸ.

ಉಪವಾಸ ಇದ್ದರೂ ಸುಮ್ಮನಿದ್ದರೆ ಪರವಾಗಿರಲಿಲ್ಲ, ಆದರೆ ನಿಂತ ಗಾಡಿಯಲ್ಲೂ ತಿನ್ನುವವರು ಇದ್ದಾರೆ. ಇಂಜಿನ್ ಕಡೆ ಕಂಪ್ಯೂಟರ್, ರೇಡಿಯೋದ ನೆನಪು. ಮನೆ ಕಡೆ ಗ್ಯಾಸ್ ಸೋರಿದರೆ ಕೂಗುವ ಪೆಟ್ಟಿಗೆ, ಫ್ರಿಡ್ಜಿನ ಬೋರ್ಡು. ಒಂದೊಂದು ಕಡೆ ಎಲ್ಲ ಸೇರಿ ಐವತ್ತು ಮಿಲಿ ಆಂಪಿಯರ್ ಅಂತಿಟ್ಟುಕೋ, ಕಣ್ಣಿಗೇ ಕಾಣದ ಲೆಕ್ಕ. ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು, ತಿಂಗಳಿಗೆ 36. ನೂರರ ಬ್ಯಾಟರಿ ಒಂದೂವರೆ ತಿಂಗಳಿಗೇ ಅರ್ಧಕ್ಕೆ ಇಳಿಯುತ್ತೆ. ಬಾಗಿಲ ಹತ್ತಿರದ ‘ಸ್ಟೋರ್’ ಸ್ವಿಚ್ ಒತ್ತಿದ್ದೀನಿ ಅನ್ನಬೇಡ. ಅದು ಎಲ್ಲವನ್ನೂ ಕಡಿಯುವುದಿಲ್ಲ. ಗ್ಯಾಸ್ ಪೆಟ್ಟಿಗೆಯನ್ನು ಎಷ್ಟೋ ಗಾಡಿಗಳಲ್ಲಿ ನೇರವಾಗಿ ಬ್ಯಾಟರಿಗೇ ಕಟ್ಟಿರುತ್ತಾರೆ.

ಇಳಿದ ಬ್ಯಾಟರಿಗೆ ಇಲ್ಲಿಯ ಚಳಿಯಲ್ಲಿ ಎರಡು ಗಂಡಾಂತರ. ಪೂರ್ತಿ ಚಾರ್ಜ್ ಇದ್ದರೆ ಒಳಗಿನ ಆಸಿಡ್ ಗಾಢವಾಗಿರುತ್ತೆ, ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಪೂರ್ತಿ ಇಳಿದಾಗ ಅದು ಹೆಚ್ಚುಕಡಿಮೆ ನೀರೇ, ಮೈನಸ್ ಏಳೆಂಟಕ್ಕೇ ಗಟ್ಟಿಯಾಗುತ್ತೆ. ನಮ್ಮ ಜನವರಿ ರಾತ್ರಿಗೆ ಅದೇನು ದೊಡ್ಡದಲ್ಲ. ಎರಡನೆಯದು ಹೊರಗೆ ಕಾಣಿಸದ ರೋಗ. ಇಳಿದೇ ಇದ್ದಷ್ಟು ದಿನ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಕೂರುತ್ತೆ, ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ನಿಲ್ಲುವುದಿಲ್ಲ. ಮೀಟರು ಏಪ್ರಿಲ್‌ನಲ್ಲಿ ‘ಫುಲ್’ ಅನ್ನುತ್ತೆ, ಮೇ ತಿಂಗಳಲ್ಲಿ ಎರಡು ದೀಪ ಹಚ್ಚಿದರೆ ಮುಗಿಯಿತು. ಇನ್ನೊಂದು, ಹೆಪ್ಪುಗಟ್ಟಿದ ಬ್ಯಾಟರಿಗೆ ಯಾವ ಕಾರಣಕ್ಕೂ ಚಾರ್ಜರ್ ಹಾಕಬೇಡ. ಸಿಡಿಯುತ್ತೆ.

ಮೀಟರಿನ ಅಂಕಿ ಓದುವುದು ಹೇಗೆ ಅಂತೀಯಾ? ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು ನೋಡಿದಾಗ 12.6ರ ಮೇಲಿದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕೆ ಇಳಿಯಿತೋ, ಕಾಲು ಭಾಗವೂ ಉಳಿದಿರುವುದು ಕಷ್ಟ. ತುಂಬಿದ್ದಕ್ಕೂ ಅರ್ಧಕ್ಕೂ ಅರ್ಧ ವೋಲ್ಟಿನ ವ್ಯತ್ಯಾಸವೂ ಇಲ್ಲ, ನೋಡು. ಗಾಡಿಯೊಳಗಿನ ಮೂರು ದೀಪದ ಪ್ಯಾನೆಲ್ಲನ್ನು ನಾನು ನಂಬದೇ ಇರುವುದು ಅದಕ್ಕೇ.

ಅಜೀರ್ಣದ ಕಥೆ ನಿನಗೆ ಗೊತ್ತಿರುವುದೇ. ಮೈಸೂರಿನ ಮನೆಯಲ್ಲಿ ಯುಪಿಎಸ್ ಬ್ಯಾಟರಿಗೆ ನಿಮ್ಮಪ್ಪ ಭಾನುವಾರ ಡಿಸ್ಟಿಲ್ಡ್ ವಾಟರ್ ಹಾಕುತ್ತಾ ಕೂರುತ್ತಿದ್ದರಲ್ಲ, ನೀನು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಅದೇ ಸೀಸ, ಅದೇ ಆಸಿಡ್. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಮಾಡಿದ ಬ್ಯಾಟರಿಯ ಮೊಮ್ಮಕ್ಕಳೇ ಇವೆಲ್ಲ. ತುಂಬಿದ ಮೇಲೂ ಒತ್ತಿ ಒತ್ತಿ ಚಾರ್ಜ್ ಕೊಟ್ಟರೆ ನೀರು ಜಲಜನಕ, ಆಮ್ಲಜನಕವಾಗಿ ಒಡೆದು ಹಾರಿಹೋಗುತ್ತೆ. ನನ್ನ ಗಾಡಿಯ ಹಳೇ ಕಾಲದ ಕನ್ವರ್ಟರ್ ಹಗಲೂ ರಾತ್ರಿ 13.8 ವೋಲ್ಟಿನಲ್ಲೇ ನಿಂತಿತ್ತು. ಐದು ತಿಂಗಳು ಅದನ್ನೇ ಕುಡಿದು ಬ್ಯಾಟರಿ ಒಣಗಿತು. ಈಗಿನ ಬುದ್ಧಿವಂತ ಚಾರ್ಜರುಗಳು ಮೊದಲು ಹದಿನಾಲ್ಕರ ಮೇಲೆ ಹೋಗಿ, ತುಂಬಿದ ಮೇಲೆ 13.2, 13.4ರ ಹತ್ತಿರ ಇಳಿದು ಕಾವಲು ಕಾಯುತ್ತವೆ. ನಿನ್ನ ಕನ್ವರ್ಟರ್ ಎರಡು ದಿನವಾದ ಮೇಲೂ ಹೀಗೆ ಇಳಿಯದೆ ಇದ್ದರೆ ಅದನ್ನು ಚಳಿಗಾಲಕ್ಕೆ ನಂಬಬೇಡ.

ಹಾಗಾದರೆ ಏನು ಮಾಡೋದು? ನಾನು ಈಗ ಮಾಡುವುದು ಹೇಳುತ್ತೇನೆ. ಮನೆ ಬ್ಯಾಟರಿಗಳನ್ನು ಪೂರ್ತಿ ಚಾರ್ಜ್ ಮಾಡಿ, ಬಿಚ್ಚಿ, ಬೇಸ್‌ಮೆಂಟಿಗೆ ತರುತ್ತೇನೆ. ಇಂಜಿನ್ ಬ್ಯಾಟರಿಯನ್ನು ಅಲ್ಲೇ ಬಿಟ್ಟು ಸಣ್ಣ ಮೆಂಟೇನರ್ ಚಾರ್ಜರ್ ಕಟ್ಟುತ್ತೇನೆ. ಬಿಚ್ಚುವ ಮೊದಲು ಫೋಟೋ ತೆಗೆದುಕೋ ತಾಯಿ, ಎರಡು ಆರು ವೋಲ್ಟಿನ ಬ್ಯಾಟರಿ ಜೋಡಿಸಿದ್ದರೆ ಏಪ್ರಿಲ್‌ನಲ್ಲಿ ಯಾವ ವೈರ್ ಎಲ್ಲಿಗೆ ಅನ್ನೋದು ದೇವರಿಗೂ ನೆನಪಿರುವುದಿಲ್ಲ. ಗೋಡೆಯ ವೈರನ್ನು ಮೊದಲು ಕೀಳು. ಆಮೇಲೆ ನೆಗೆಟಿವ್ ಮೊದಲು ಬಿಚ್ಚು, ಹಾಕುವಾಗ ಅದೇ ಕೊನೆಗೆ. ಆಗ ಸ್ಪ್ಯಾನರ್ ಜಾರಿ ಚಾಸಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಬೇಸ್‌ಮೆಂಟಿನಲ್ಲಿ ತಿಂಗಳಿಗೊಮ್ಮೆ ಮೀಟರ್ ಹಿಡಿ, 12.4ಕ್ಕೆ ಬಂದರೆ ಕಿಟಕಿ ತೆರೆದಿಟ್ಟು ಒಂದು ರಾತ್ರಿ ಚಾರ್ಜ್ ಹಾಕು. ನೀರು ಹಾಕುವುದು ಚಾರ್ಜ್ ಆದ ಮೇಲೆ. ಪ್ಲೇಟ್ ಹೊರಗೆ ಕಂಡರೆ ಮಾತ್ರ ಮೊದಲೇ ಅದು ಮುಳುಗುವಷ್ಟು ಹಾಕು. ಕಾಂಕ್ರೀಟ್ ನೆಲದ ಮೇಲಿಟ್ಟರೆ ಇಳಿಯುತ್ತೆ ಅಂತ ಪಕ್ಕದ ಮನೆಯವರು ಹೇಳೇ ಹೇಳುತ್ತಾರೆ. ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ಆ ತೊಂದರೆಯಿಲ್ಲ, ಆದರೂ ನಿಮ್ಮತ್ತೆ ಸಮಾಧಾನಕ್ಕೆ ನಾನೊಂದು ಹಲಗೆ ಹಾಕಿದ್ದೇನೆ.

ಅಳಿಯಂದಿರು ವಾರಕ್ಕೊಮ್ಮೆ ಹತ್ತು ನಿಮಿಷ ಇಂಜಿನ್ ಆನ್ ಮಾಡಿಡುತ್ತೀನಿ ಅಂದರಂತೆ. ಬೇಡ ಅನ್ನು. ಆ ಚಳಿಯಲ್ಲಿ ಸ್ಟಾರ್ಟ್ ಮಾಡಲು ಹೋದ ಚಾರ್ಜನ್ನು ನಿಂತಲ್ಲೇ ಹತ್ತು ನಿಮಿಷ ಓಡಿದ ಇಂಜಿನ್ ಸರಿಯಾಗಿ ತುಂಬಿಕೊಡುವುದಿಲ್ಲ, ಸೈಲೆನ್ಸರಿನಲ್ಲಿ ನೀರು ಕೂರುವುದೇ ಲಾಭ. ಮೇಲಿನ ಸೋಲಾರ್ ಪ್ಯಾನೆಲ್ ನೋಡಿಕೊಳ್ಳುತ್ತೆ ಅನ್ನುವಂತೆಯೂ ಇಲ್ಲ, ಅದರ ಮೇಲೆ ನೀವೇ ಕವರ್ ಹೊದಿಸಿದ್ದೀರಿ.

ಮುಂದಿನ ವರ್ಷ ಲಿಥಿಯಂ ಹಾಕಿಸುವ ಯೋಚನೆ ಇದ್ದರೆ ಇಲ್ಲಿ ಹೇಳಿದ ಎಷ್ಟೋ ಮಾತು ತಲೆಕೆಳಗು. ಅದನ್ನು ತುಂಬಿಸಿಡಬಾರದು, ಅರ್ಧದ ಆಸುಪಾಸಿನಲ್ಲಿ ಬಿಚ್ಚಿಟ್ಟರೆ ತಿಂಗಳುಗಟ್ಟಲೆ ನಿದ್ದೆ ಮಾಡುತ್ತೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದಕ್ಕೆ ಚಾರ್ಜ್ ಕೊಡಲೇಬಾರದು. ವೋಲ್ಟ್ ನೋಡಿ ಎಷ್ಟಿದೆ ಅಂತ ಹೇಳಲೂ ಬರುವುದಿಲ್ಲ. ಆಗ ಇನ್ನೊಂದು ಸಲ ಕೂತು ಮಾತಾಡೋಣ.

ಸದ್ಯಕ್ಕೆ ಶುಕ್ರವಾರ ರಾತ್ರಿ ವೈರ್ ಕಿತ್ತಿಡು. ಶನಿವಾರ ಬೆಳಗ್ಗೆ ಕಾಫಿ ಕುಡಿಯುವ ಮುಂಚೆ ಎರಡೂ ಬ್ಯಾಟರಿಗೆ ಮೀಟರ್ ಹಿಡಿದು ಅಂಕಿ ಹೇಳು. ನಾನು ವಾಕಿಂಗ್ ಹೋಗಿದ್ದರೆ ನಿಮ್ಮತ್ತೆಗೆ ಹೇಳು, ಫ್ರಿಡ್ಜಿನ ಮೇಲಿನ ಚೀಟಿಯಲ್ಲಿ ಬರೆದಿಟ್ಟಿರುತ್ತಾಳೆ. ಯಾವುದು ಇಂಜಿನ್ನಿಂದು, ಯಾವುದು ಮನೇದು ಅಂತ ಸೇರಿಸಿ ಹೇಳು.