ಬುದ್ಧ ಎಲ್ಲಿ ಎಂದು ಮಕ್ಕಳು ಕೇಳಿದರೆ

ತಮ್ಮಾ, ಈ ಸಲ ಕುವೈತ್‌ನಿಂದ ರಜೆಗೆ ಕಲಬುರಗಿಗೆ ಹೋದಾಗ ಮಕ್ಕಳಿಗೆ ಸನ್ನತಿ ತೋರಿಸುತ್ತೇನೆ ಎಂದೆಯಲ್ಲ, ಒಳ್ಳೆಯದಾಯಿತು. ಆದರೆ ಅಲ್ಲಿಯ ಗುಡಿಯ ಚಂದ್ರಲಾಂಬೆಗೆ ಕೈಮುಗಿದು ಹಾಗೇ ತಿರುಗಿ ಬರಬೇಡ. ಪಕ್ಕದ ಕನಗನಹಳ್ಳಿಗೂ ಹೋಗು. ಭೀಮೆಯ ದಂಡೆಯ ಆ ದಿಬ್ಬವನ್ನು ಪುರಾತತ್ವ ಇಲಾಖೆಯವರು 1994ರಿಂದ ಅಗೆದಾಗ ಬೌದ್ಧ ಮಹಾಸ್ತೂಪವೊಂದು ಸಿಕ್ಕಿತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ.

ಬುದ್ಧನ ಕತೆ ಕೆತ್ತಿದ ಅಲ್ಲಿಯ ಸುಣ್ಣಕಲ್ಲಿನ ದೊಡ್ಡ ಹಾಸುಗಳ ಮುಂದೆ ನಿಂತ ಕೂಡಲೇ, ಅವನ ರೂಪ ಕಾಣದೆ, ಮಕ್ಕಳು "ಬುದ್ಧ ಎಲ್ಲಿ?" ಎನ್ನುತ್ತಾರೆ. ನೀನು ಬಾಯಿ ಬಿಡಬೇಡ, ಅವರೇ ಹುಡುಕಲಿ. ಅರಳಿಮರದ ಕೆಳಗೆ ಯಾರೂ ಕೂರದ ಪೀಠ ಕಂಡರೆ ಅದು ಜ್ಞಾನೋದಯ. ಚಕ್ರದ ಸುತ್ತ ಜನ ಕೈಮುಗಿದಿದ್ದರೆ ಸಾರನಾಥದ ಮೊದಲ ಉಪದೇಶ. ಸ್ತೂಪವೆಂದರೆ ಪರಿನಿರ್ವಾಣ. ಸಾಂಚಿಯಲ್ಲಂತೂ ಸಿದ್ಧಾರ್ಥ ಮನೆ ಬಿಟ್ಟ ರಾತ್ರಿಯನ್ನು ಸವಾರನಿಲ್ಲದ ಕುದುರೆಯಲ್ಲೇ ಹೇಳಿಬಿಟ್ಟಿದ್ದಾರೆ. ಕುದುರೆಯ ಬೆನ್ನ ಮೇಲೆ ಬರೀ ಛತ್ರಿ! ನನ್ನನ್ನು ಕೇಳಿದರೆ, ಮುಖ ಕೆತ್ತುವುದಕ್ಕಿಂತ ಇದಕ್ಕೆ ಹೆಚ್ಚು ಧೈರ್ಯ ಬೇಕು.

ಈ ಹಾಸುಗಳನ್ನು ಕೆತ್ತಿದ ಕಾಲದಲ್ಲಿ ಬುದ್ಧನ ಮೂರ್ತಿ ಮಾಡುವುದೇ ನಿಷಿದ್ಧವಾಗಿತ್ತು ಎಂದು ಯಾರಾದರೂ ಹೇಳಿದರೆ ತಲೆಯಾಡಿಸಬೇಡ. ವಿದ್ವಾಂಸರಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ. ಈ ಪೀಠ, ಚಕ್ರ, ಸ್ತೂಪಗಳು ಬುದ್ಧನ ಬದಲಿಗೆ ಇಟ್ಟ ಗುರುತುಗಳಲ್ಲ, ಯಾತ್ರಿಕರು ಪೂಜಿಸುತ್ತಿದ್ದ ಪುಣ್ಯಸ್ಥಳಗಳ ಚಿತ್ರ ಎನ್ನುವವರೂ ಇದ್ದಾರೆ. ಕನಗನಹಳ್ಳಿಯಲ್ಲೇ ನಂತರದ ಕಾಲದ ಬುದ್ಧ ಮೂರ್ತಿಗಳೂ ಸಿಕ್ಕಿವೆ.

ಅಶೋಕನ ಹಾಸನ್ನು ಮಾತ್ರ ತಪ್ಪಿಸಬೇಡ. ರಾಣಿಯೊಡನೆ ನಿಂತಿದ್ದಾನೆ, ಸೇವಕಿಯರು ಛತ್ರ, ಚಾಮರ ಹಿಡಿದಿದ್ದಾರೆ. ಇಂಥ ರಾಜ ಯಾರೂ ಆಗಿರಬಹುದಿತ್ತು. ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂದು ಕೊರೆದಿರುವುದರಿಂದಲೇ ಅವನೆಂದು ಗೊತ್ತಾದದ್ದು. ಆ ಅಕ್ಷರಗಳನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ.

ಇನ್ನೊಂದು. ಹೊರಡುವ ಮೊದಲು ಒಂದು ಶುಕ್ರವಾರ ಕುವೈತ್‌ನ ಫೈಲಕಾ ದ್ವೀಪಕ್ಕೆ ಹೋಗಿ ಬಾ. ಅಶೋಕ ತನ್ನ 13ನೆಯ ಬಂಡೆ ಶಾಸನದಲ್ಲಿ ಅಂತಿಯೋಕ ಎಂಬ ಗ್ರೀಕ್ ರಾಜನನ್ನು ಹೆಸರಿಸುತ್ತಾನೆ. ಅವನ ಸೆಲ್ಯೂಸಿಡ್ ವಂಶದ ಆಳ್ವಿಕೆಯಲ್ಲೇ ಫೈಲಕಾದಲ್ಲಿ ಗ್ರೀಕರ ಕೋಟೆ, ಗುಡಿ ಇದ್ದವು. ನೀವಿರುವ ಊರಿಗೂ ನಿಮ್ಮ ಊರಿಗೂ ನಂಟು ಎಷ್ಟು ಹಳೆಯದೆಂದು ಮಕ್ಕಳಿಗೆ ಇಲ್ಲಿಂದಲೇ ಹೇಳಿಕೊಡಬಹುದು.

ಕಲಬುರಗಿಯಿಂದ ಸನ್ನತಿಗೆ ಸುಮಾರು 60 ಕಿಲೋಮೀಟರ್ ದಾರಿ. ಬೆಳಿಗ್ಗೆ ಬೇಗ ಹೊರಡು, ನೀರು, ಬುತ್ತಿ ಜೊತೆಗಿರಲಿ. ಫೋಟೊಗೆಂದು ಹಾಸುಗಳ ಮೇಲೆ ಮಕ್ಕಳನ್ನು ಕೂರಿಸಬೇಡ, ಬೇರೆಯವರು ಕೂರಿಸಿದರೂ ಬೇಡವೆನ್ನು.