ಬಾಣಂತಿಯ ಮನಸ್ಸು ಮತ್ತು ಮೀನಿನ ಎಣ್ಣೆ



ಬೂತಾಯಿ ಯಥೇಚ್ಛವಾಗಿ ಬಿದ್ದ ವರ್ಷಗಳಲ್ಲಿ ಅದರ ಎಣ್ಣೆಯನ್ನು ದೋಣಿಯ ಹಲಗೆಗೆ ಬಳಿದು, ಉಳಿದುದನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದ ಕಾಲವನ್ನು ಮಂಗಳೂರು ಕಡೆಯ ಹಿರಿಯರು ಬಲ್ಲರು. ಅದೇ ಎಣ್ಣೆಯಲ್ಲಿ ಗರ್ಭಿಣಿಗೆ ಅವಶ್ಯವಾದ ಡಿ.ಎಚ್.ಎ. ಎಂಬ ಕೊಬ್ಬಿನಾಮ್ಲವಿದೆ. ಇದು ಒಮೆಗಾ-೩ ಎಂಬ ಗುಂಪಿಗೆ ಸೇರಿದುದು. ನಮ್ಮ ತೆಂಗಿನೆಣ್ಣೆಯಲ್ಲಿ ಇದು ಇಲ್ಲ.

ಮಗುವಿನ ಮೆದುಳು ಮತ್ತು ಕಣ್ಣು ಬೆಳೆಯಲು ಇದು ಬೇಕು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮಗು ಇದನ್ನು ತಾಯಿಯಿಂದ ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಹೆರಿಗೆಯಾದ ಮೇಲೆ ಎದೆಹಾಲಿನಲ್ಲಿ ಪಡೆಯುತ್ತದೆ. ಊಟದಲ್ಲಿ ಕಡಿಮೆಯಾದರೆ ತಾಯಿಯ ಮೈಯಲ್ಲಿದ್ದುದು ಕರಗುತ್ತದೆ. ಬಾಣಂತಿಯ ಮನಸ್ಸು ಕುಗ್ಗುವುದಕ್ಕೆ ಇದೇ ಕಾರಣವಿರಬಹುದೇ ಎಂದು ತಜ್ಞರು ಕೇಳಿದರು. ಹಲವು ದೇಶಗಳನ್ನು ಹೋಲಿಸಿ ೨೦೦೨ರಲ್ಲಿ ಪ್ರಕಟವಾದ ಒಂದು ಲೇಖನವು, ಮೀನು ಹೆಚ್ಚು ಉಣ್ಣುವಲ್ಲಿ ಈ ಕಾಯಿಲೆ ಕಡಿಮೆಯೆಂದು ತೋರಿಸಿತು. ಆದರೆ ದೇಶದಿಂದ ದೇಶಕ್ಕೆ ಮೀನೊಂದೇ ಬೇರೆಯಲ್ಲವಷ್ಟೆ! ಆಸ್ಟ್ರೇಲಿಯಾದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ೮೦೦ ಮಿಲಿಗ್ರಾಂ ಡಿ.ಎಚ್.ಎ. ಕೊಟ್ಟು ನೋಡಿದರು. ೨೦೧೦ರಲ್ಲಿ ಫಲಿತಾಂಶ ಬಂತು: ಹೆರಿಗೆಯ ನಂತರದ ಖಿನ್ನತೆ ಅದರಿಂದ ಕಡಿಮೆಯಾಗಲಿಲ್ಲ.

ಆದುದರಿಂದ ಮೀನು ಆಹಾರವೇ ಹೊರತು ಮನಸ್ಸಿನ ಕಾಯಿಲೆಗೆ ಮದ್ದಲ್ಲ. ಆಹಾರವಾಗಿ ಅದು ಬೇಕೇ ಬೇಕು. ಗರ್ಭಿಣಿಗೂ ಹಾಲೂಡಿಸುವವಳಿಗೂ ದಿನಕ್ಕೆ ಕನಿಷ್ಠ ೨೦೦ ಮಿಲಿಗ್ರಾಂ ಡಿ.ಎಚ್.ಎ. ಸಿಗಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರ ಮತ. ವಾರಕ್ಕೆ ಎರಡು ಮೂರು ಸಲ ಬೂತಾಯಿ ಅಥವಾ ಬಂಗುಡೆಯ ಸಾರು ಉಂಡರೆ ಸಾಕು.

ಬಂಗುಡೆ ಬಾಣಂತಿಗೆ ನಂಜೆಂದು ಕೆಲವು ಮನೆಗಳಲ್ಲಿ ತಡೆಯುವುದುಂಟು. ಕೆಟ್ಟ ಬಂಗುಡೆ ತಿಂದರೆ ಮೈ ತುರಿಸಿ ಕೆಂಪೇಳುವುದು ನಿಜ. ತಾಜಾ ಮೀನಿಗೆ ಆ ದೋಷವಿಲ್ಲ. ಹಾಲು ಹೆಚ್ಚಲೆಂದು ತಾಟೆಯನ್ನು, ಅಂದರೆ ಶಾರ್ಕ್ ಮೀನನ್ನು, ಹುಡುಕಿ ತಂದು ಕೊಡುವ ಮನೆಗಳೂ ಇವೆ. ದೊಡ್ಡ ಮೀನುಗಳ ಮೈಯಲ್ಲಿ ಪಾದರಸ ಶೇಖರವಾಗಿರುತ್ತದೆ. ತಡೆಯಬೇಕಾದುದು ಅದನ್ನು!

ಮೀನು ತಿನ್ನದವರು ಅಗಸೆ ಚಟ್ನಿಪುಡಿ, ಅಕ್ರೋಟು ಬಳಸಬಹುದು. ಇವುಗಳಲ್ಲಿರುವ ಒಮೆಗಾ-೩ ಬೇರೆ ಬಗೆಯದು. ದೇಹವು ಅದರಲ್ಲಿ ಸ್ವಲ್ಪವನ್ನು ಮಾತ್ರ ಡಿ.ಎಚ್.ಎ. ಆಗಿ ಮಾರ್ಪಡಿಸಬಲ್ಲುದು. ಪಾಚಿಯಿಂದ ತೆಗೆದ ಡಿ.ಎಚ್.ಎ. ಗುಳಿಗೆಯ ವಿಷಯವನ್ನು ವೈದ್ಯರಲ್ಲಿ ಕೇಳಬೇಕು.

ಇನ್ನು ಮನೆಯವರು ಗಮನಿಸಬೇಕಾದುದು. ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮನೆ ಅಳು ಬರುವುದು ಬಹಳ ಮಂದಿಗೆ ಇದೆ. ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಆ ಮೇಲೂ ಆಕೆ ಮಂಕಾಗಿದ್ದರೆ, ಮಗು ಮಲಗಿದಾಗಲೂ ನಿದ್ರೆ ಬಾರದಿದ್ದರೆ, ಅನ್ನ ಸೇರದಿದ್ದರೆ, "ನಾನು ಯಾಕೂ ಬೇಡದವಳು" ಎಂದರೆ, ಅದು ಸೋಮಾರಿತನವಲ್ಲ, ದೃಷ್ಟಿಯೂ ಅಲ್ಲ, ಖಿನ್ನತೆಯೆಂಬ ಕಾಯಿಲೆ. ಗರ್ಭಿಣಿಯಿರುವಾಗಲೂ ಇದು ಬರಬಹುದು. ಅತ್ತೆಯಂದಿರು ಗದರಿಸಬಾರದು, ಗಂಡನು ರಾತ್ರಿ ಮಗುವನ್ನು ಎತ್ತಿಕೊಂಡು ಆಕೆಗೆ ನಾಲ್ಕು ಗಂಟೆ ನಿದ್ರೆ ಕೊಡಿಸಬೇಕು. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ.

ಆಶಾ ಕಾರ್ಯಕರ್ತೆಗೆ ತಿಳಿಸಿರಿ; ಮಂಗಳೂರಿನಲ್ಲಿ ಲೇಡಿಗೋಶನ್ ಹೆರಿಗೆ ಆಸ್ಪತ್ರೆಯೂ ವೆನ್ಲಾಕ್ ಆಸ್ಪತ್ರೆಯೂ ಸರಕಾರದವು. ೨೦೨೨ರಲ್ಲಿ ಆರಂಭವಾದ ಟೆಲಿಮಾನಸ್‌ಗೆ ೧೪೪೧೬ ನಂಬರಿನಲ್ಲಿ ಹಗಲಿರುಳೂ ಉಚಿತವಾಗಿ ಫೋನು ಮಾಡಬಹುದು. ತನಗಾಗಲಿ ಮಗುವಿಗಾಗಲಿ ಏನಾದರೂ ಮಾಡಿಬಿಡುವೆನೆಂಬ ಮಾತು ಆಕೆಯ ಬಾಯಿಂದ ಬಂದರೆ, ಬೆಳಗಾಗಲೆಂದು ಕಾಯಕೂಡದು. ಒಬ್ಬಳನ್ನೇ ಬಿಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.