ಸೇವೆಗೆ ಹೊರಟವಳಿಗೆ ಒಂದು ಕಾಗದ

ಪ್ರೀತಿಯ ಪುಟ್ಟೀ,

ಟ್ಯೂರಿನ್ನಿಗೆ ಎಂಜಿನಿಯರಿಂಗ್ ಓದಲು ಹೋದವಳು ಈಗ ಶನಿವಾರಗಳಂದು ಕೊಟ್ಟೊಲೆಂಗೊ ಆಶ್ರಮದ ಹೆಂಗಸರ ವಿಭಾಗಕ್ಕೆ ಸೇವೆಗೆ ಹೋಗುತ್ತಿದ್ದೀಯಂತೆ. ನಿನ್ನಮ್ಮನಿಗೆ ನೀನೆಲ್ಲಿ ಸಿಸ್ಟರ್ ಆಗಿಬಿಡುತ್ತೀಯೋ ಎಂಬ ಗಾಬರಿ. ನನಗೆ ಆ ಭಯವಿಲ್ಲ. ಸಿಸ್ಟರುಗಳು ಎಷ್ಟು ಒಳ್ಳೆಯವರು, ಆ ಹೆಂಗಸರು ಎಷ್ಟು ಪಾಪದವರು ಎಂದು ಎರಡು ಪುಟ ಬರೆದಿದ್ದೀಯಲ್ಲ, ಅವರಲ್ಲಿ ಒಬ್ಬಳ ಹೆಸರೂ ಅದರಲ್ಲಿಲ್ಲ. ನನಗೆ ಚುಚ್ಚಿದ್ದು ಅದು. ನಿನ್ನ ಹಾಗೆ ಹೊರಟವರು ಇನ್ನೂ ಇರಬಹುದು, ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಮೊದಲು ಆ ಮನೆ ಯಾಕೆ ಹುಟ್ಟಿತು ಎಂದು ತಿಳಿದುಕೋ. 1827ರ ಸೆಪ್ಟೆಂಬರಿನಲ್ಲಿ ಮಿಲಾನಿನಿಂದ ಲಿಯೋನಿಗೆ ಹೊರಟಿದ್ದ ಒಂದು ಫ್ರೆಂಚ್ ಸಂಸಾರ ಟ್ಯೂರಿನ್ನಿನಲ್ಲಿ ತಂಗಿತು. ಹೆಂಡತಿ ಬಸುರಿ, ಮೇಲೆ ಕಾಯಿಲೆ. ದೊಡ್ಡಾಸ್ಪತ್ರೆಯವರು ಬಸುರಿಯನ್ನು ಸೇರಿಸಿಕೊಳ್ಳುವುದಿಲ್ಲ ಎಂದರು. ಹೆರಿಗೆ ಆಸ್ಪತ್ರೆಯವರು ಕಾಯಿಲೆಯವಳು ಬೇಡ ಎಂದರು. ಇಬ್ಬರೂ ತಮ್ಮ ತಮ್ಮ ನಿಯಮ ಪಾಲಿಸಿದರು, ಆಕೆ ಸತ್ತಳು. ಕಡೆಯ ಸಂಸ್ಕಾರ ಕೊಡಲು ಬಂದ ಪಾದ್ರಿ ಜೋಸೆಫ್ ಬೆನೆಡಿಕ್ಟ್ ಕೊಟ್ಟೊಲೆಂಗೊ. ಮರುವರ್ಷದ ಜನವರಿಯಲ್ಲೇ ಆತ ತನ್ನ ಚರ್ಚಿನ ಹತ್ತಿರ ಕೋಣೆ ಹಿಡಿದು ಹಾಸಿಗೆ ಹಾಕಿಸಿದ. 1831ರಲ್ಲಿ ಕಾಲರಾ ಭಯಕ್ಕೆ ಅದನ್ನು ಮುಚ್ಚಿಸಿದರು. 1832ರ ಏಪ್ರಿಲಿನಲ್ಲಿ ಊರಂಚಿನ ವಾಲ್ಡೊಕ್ಕೊದಲ್ಲಿ ಮತ್ತೆ ತೆರೆದ. ಬೇರೆಯವರು ಒಲ್ಲೆ ಅಂದವರೆಲ್ಲ ಅಲ್ಲಿಗೆ ಬಂದರು: ಮೂರ್ಛೆರೋಗದವರು, ಕಿವುಡರು, ಬುದ್ಧಿ ಬೆಳೆದಿಲ್ಲ ಅನ್ನಿಸಿಕೊಂಡವರು. ಅವರನ್ನು 'ಕುಟುಂಬ'ಗಳಾಗಿ ವಿಂಗಡಿಸಿ ಇರಿಸಿದ. ದೇವರು ನೋಡಿಕೊಳ್ಳುತ್ತಾನೆ ಎಂದು ನಾಳೆಗೆ ಕಾಸು ಕೂಡಿಡುತ್ತಿರಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಕಳೆದ ನನಗೆ ಇದನ್ನು ಓದಿದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. 1842ರಲ್ಲಿ ತೀರಿಕೊಂಡ ಆತನನ್ನು 1934ರಲ್ಲಿ ಸಂತನೆಂದು ಸಾರಿದರು.

ಸಂತರ ಚರಿತ್ರೆಯ ಜೊತೆಗೆ ಇಟಲಿಯ ಕಾದಂಬರಿಕಾರ ಇಟಾಲೊ ಕಾಲ್ವಿನೊನನ್ನೂ ಓದು. 1963ರಲ್ಲಿ ಆತ ಬರೆದ ಒಂದು ಕಿರುಕಾದಂಬರಿ ನಡೆಯುವುದು ನಿನ್ನ ಆ ಕಟ್ಟಡದೊಳಗೇ. 1953ರ ಚುನಾವಣೆಯ ದಿನ ಅಲ್ಲೊಂದು ಮತಗಟ್ಟೆ. ತಾವು ಯಾರೆಂದೇ ಹೇಳಲಾಗದವರನ್ನೂ ಸಿಸ್ಟರುಗಳು ಓಟು ಹಾಕಲು ಕರೆದುಕೊಂಡು ಬರುತ್ತಾರೆ. ಕಥಾನಾಯಕ ಅದನ್ನು ತಡೆಯಲು ಕುಳಿತ ಕಮ್ಯುನಿಸ್ಟ್. ಆತನ ಸಿಟ್ಟು ನ್ಯಾಯವಾದದ್ದೇ, ಅಲ್ಲಿದ್ದವರ ಇಷ್ಟವನ್ನು ಇನ್ನೊಬ್ಬರು ಬರೆಯುತ್ತಿದ್ದರು. ಆದರೆ ಅದೇ ದಿನ ಒಬ್ಬ ರೈತ ಅಪ್ಪ ಮಗನ ಹಾಸಿಗೆಯ ಪಕ್ಕ ಕೂತು ಬಾದಾಮಿ ಒಡೆದೊಡೆದು ಕೊಡುವುದನ್ನು ಕಾಣುತ್ತಾನೆ. ಅಪ್ಪ ಮಗನನ್ನು ನೋಡುತ್ತಾನೆ, ಮಗ ಬಾಯಾಡಿಸುತ್ತಾನೆ, ಅಷ್ಟೇ. ಅಲ್ಲಿಗೆ ನಾಯಕನ ವಾದ ಸಡಿಲವಾಗುತ್ತದೆ. ಆ ಸಿಟ್ಟೂ ಬೇಕು, ಈ ಸಡಿಲವೂ ಬೇಕು. ಒಂದೇ ಹಿಡಿದುಕೊಂಡು ಹೋಗುವವರಿಂದ ಅಲ್ಲಿ ಯಾರಿಗೂ ಉಪಯೋಗವಿಲ್ಲ.

ನಮ್ಮ ಕರಾವಳಿಯ ಒಂದು ಆಶ್ರಮಕ್ಕೆ ನಾನು ಭಾನುವಾರ ಹೋಗುತ್ತಿದ್ದೆ, ಹೆಸರು ಬೇಡ. ಅಲ್ಲಿ ಎಲ್ಲ ಹೆಂಗಸರ ತಲೆಯೂ ಗಂಡುಹುಡುಗರ ಕ್ರಾಪು. ಹೇನಾಗುತ್ತದೆ, ಬಾಚುವುದಕ್ಕೆ ಜನವಿಲ್ಲ ಎನ್ನುತ್ತಿದ್ದರು, ಸುಳ್ಳೇನಲ್ಲ. ಮಾತು ಬಾರದ ಒಬ್ಬಳು ನಾನು ಹೋದಾಗಲೆಲ್ಲ ನನ್ನ ಜಡೆ ಹಿಡಿದು ಜಗ್ಗುತ್ತಿದ್ದಳು. ಚೇಷ್ಟೆ ಎಂದು ಆಯಾ ಕೈ ಬಿಡಿಸುತ್ತಿದ್ದಳು. ಹೊಸದಾಗಿ ಬಂದ ಎಳೆಯ ಸಿಸ್ಟರ್ ಒಬ್ಬರು ಆಕೆಯ ಕೂದಲಿಗೆ ಕತ್ತರಿ ಹಾಕಿಸದೆ ಬಿಟ್ಟರು. ಮಳೆಗಾಲ ಕಳೆಯುವ ಹೊತ್ತಿಗೆ ಎರಡು ಮೋಟು ಜಡೆ, ನೈಲಾನ್ ರಿಬ್ಬನ್. ಜಗ್ಗುವುದು ನಿಂತಿತು. ಆಮೇಲೆ ರಿಬ್ಬನ್ನಿನ ಬಣ್ಣ ಹಿಡಿಸದ ದಿನ ಊಟಕ್ಕೇ ಬರುವುದಿಲ್ಲ ಎಂಬ ಹೊಸ ರಗಳೆ! ಆ ರಗಳೆಯನ್ನು ಸಿಸ್ಟರ್ ನಗುತ್ತಲೇ ಸಹಿಸಿಕೊಂಡರು. ನನ್ನ ಲೆಕ್ಕದಲ್ಲಿ ಅದು ನಿಜವಾದ ಸೇವೆ.

ಕೂದಲಿನದು ಸಣ್ಣ ವಿಷಯ ಅನ್ನಬೇಡ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ಆಶ್ರಯಧಾಮದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಪುಣೆಯಲ್ಲಿ ತೆಗೆಸಿದರು, ಮುಟ್ಟಿನ ಶುಚಿ ನೋಡಿಕೊಳ್ಳುವುದು ಕಷ್ಟ ಎಂಬ ಕಾರಣಕ್ಕೆ. ಇಲ್ಲಿಯೂ ನೋಡಿದ್ದು ನೋಡಿಕೊಳ್ಳುವವರ ಅನುಕೂಲವನ್ನೇ. ಚಂಡೀಗಢದ ಸರ್ಕಾರಿ ಧಾಮದಲ್ಲಿ ಅತ್ಯಾಚಾರಕ್ಕೊಳಗಾದ ಒಬ್ಬಳು ಮಗು ಬೇಕು ಎಂದಾಗ, ಆಕೆಯ ಒಪ್ಪಿಗೆಯಿಲ್ಲದೆ ಗರ್ಭ ತೆಗೆಸುವಂತಿಲ್ಲ ಎನ್ನಲು 2009ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಧಾಮ ಸರ್ಕಾರದ್ದಾಗಲಿ, ಚರ್ಚಿನದ್ದಾಗಲಿ, ಅನ್ನ ಹಾಕುವ ಕೈಗೆ ಎಲ್ಲವನ್ನೂ ತೀರ್ಮಾನಿಸುವ ಚಾಳಿ ಬೇಗ ಬರುತ್ತದೆ. ನಿನಗೂ ಬರುತ್ತದೆ, ಹುಷಾರು.

ಅದಕ್ಕೇ ಹೇಳುತ್ತೇನೆ, ಇಟಾಲಿಯನ್ನನ್ನು ತರಗತಿಗೆ ಬೇಕಾದಷ್ಟೇ ಕಲಿತರೆ ಸಾಲದು, ಅಜ್ಜಿಯರ ಜೊತೆ ಹರಟುವಷ್ಟು ಕಲಿ. ಕೋಣೆಯ ಬಾಗಿಲು ತಟ್ಟಿ ಒಳಗೆ ಹೋಗು. ಐವತ್ತು ವರ್ಷದವಳನ್ನು ಮಗು, ಚಿನ್ನ ಎನ್ನಬೇಡ. ಫೋಟೊ ತೆಗೆಯಲೇಬೇಡ. ಯಾವ ಸ್ವೆಟರ್ ಎಂದು ಕೇಳಿದ ಮೇಲೆ ಉತ್ತರಕ್ಕೆ ಕಾಯಿ, ಬಸ್ ತಪ್ಪಿದರೆ ತಪ್ಪಲಿ. ಸಿಸ್ಟರುಗಳ ಮೇಲೆ ಮೊದಲ ತಿಂಗಳೇ ತೀರ್ಪು ಕೊಡಬೇಡ. ನೀನು ಹೋಗುವುದು ಶನಿವಾರ, ಅವರಿಗೆ ಉಳಿದ ಆರು ದಿನವೂ ಇದೆ. ಆ ಸಿಸ್ಟರುಗಳ ಸಭೆಯ ಮನೆಗಳು ಕೇರಳದಲ್ಲೂ ಇವೆ, ಮಾತಿಗೆ ಮಲಯಾಳಿ ಸಿಸ್ಟರ್ ಯಾರಾದರೂ ಸಿಕ್ಕಿದರೂ ಸಿಕ್ಕಾರು.

ಇನ್ನೊಂದೇ ಮಾತು. ಹೋಗುವುದಾದರೆ ಕೋರ್ಸು ಮುಗಿಯುವ ತನಕ ಹೋಗು, ಪರೀಕ್ಷೆ ಬಂದಾಗ ಅವರಿಗೆ ಹೇಳಿಯೇ ರಜೆ ಹಾಕು. ಅಷ್ಟು ಆಗದು ಅನ್ನಿಸಿದರೆ ಈ ವಾರವೇ ಒಲ್ಲೆ ಅಂದುಬಿಡು. ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಿನ್ನ
ದೊಡ್ಡಮ್ಮ